ಕಲಬುರಗಿಯಿಂದ ಪರದೇಶಕ್ಕೆ: ದಾರಿಯಲ್ಲಿ ಕೈಕೊಡುವುದು ಏನು, ಕೈ ಹಿಡಿಯುವವರು ಯಾರು

ಸಂಜೆ ಆರೂವರೆ ಇರಬಹುದು. ಮಳಖೇಡ ಇನ್ನೂ ಸ್ವಲ್ಪ ದೂರ ಇರುವಾಗಲೇ ನಮ್ಮ ಕಾರು ನಿಂತುಬಿಟ್ಟಿತು. ಮುಂದೆ ಲಾರಿಗಳ ಸಾಲು, ಮೇಲೆ ಬಿಡದ ಮಳೆ. ಕಾಗಿಣಾ ನದಿ ತುಂಬಿ ಸೇತುವೆ ಮೇಲೆ ನೀರು ಹರಿಯುತ್ತಿತ್ತು. ಹೈದರಾಬಾದಿನ ಶಂಷಾಬಾದ್ ನಿಲ್ದಾಣದಿಂದ ನನ್ನ ವಿಮಾನ ಬೆಳಗಿನ ಜಾವ 3.50ಕ್ಕೆ. ಸ್ವಲ್ಪ ಕಾಯೋಣ ಅಂತ ನಮ್ಮ ಡ್ರೈವರ್, ತಿರುಗಿ ಹೋಗೋಣ ಅಂತ ಅಪ್ಪ. ಅಷ್ಟರಲ್ಲಿ ಲಾರಿ ಡ್ರೈವರ್ ಒಬ್ಬರು ಕಿಟಕಿ ಹತ್ತಿರ ಬಂದರು. "ಇದು ಬೆಳಗಾಗೋತನ ಇಳಿಯಂಗಿಲ್ರಿ. ಇಲ್ಲೇ ಕುಂತ್ರ ಕೆಲಸ ಕೆಡ್ತದ. ಹಿಂದಕ್ಕ ಹೋಗಿ ಹುಮನಾಬಾದ್ ಮ್ಯಾಲಿಂದ ಹೋಗ್ರಿ" ಅಂದರು. ಹಾಗೇ ಮಾಡಿದೆವು. ರಾತ್ರಿ 12.45ಕ್ಕೆ ವಿಮಾನ ನಿಲ್ದಾಣದ ಬಾಗಿಲಲ್ಲಿದ್ದೆವು.

ನಾನು ನರ್ಸ್. ಜರ್ಮನಿಗೆ ಕೆಲಸಕ್ಕೆ ಹೊರಟ ದಿನದ ಕಥೆ ಇದು. ಆ ಒಂದು ಪ್ರಯಾಣದಲ್ಲಿ ರಸ್ತೆ ಬಂದ್ ಆಯಿತು, ವಿಮಾನ ತಡವಾಯಿತು, ಬ್ಯಾಗ್ ಬರಲಿಲ್ಲ, ಇಳಿದ ಊರಿನಲ್ಲಿ ಒಂದು ಅಂಗಡಿಯೂ ತೆರೆದಿರಲಿಲ್ಲ. ಆದರೂ ಮುಟ್ಟಿದೆ. ಈಗ ನಮ್ಮ ಕಡೆಯ ಹುಡುಗ ಹುಡುಗಿಯರು ಹೊರಡುವ ಮುಂಚೆ ಫೋನ್ ಮಾಡುತ್ತಾರೆ. ಜರ್ಮನಿಗೆ ಹೋಗುವವರು, ಗಲ್ಫಿಗೆ ಹೋಗುವವರು, ಓದಲು ಅಮೆರಿಕಕ್ಕೆ ಹೋಗುವವರು. ಅವರಿಗೆ ಹೇಳುವುದನ್ನೇ ಇಲ್ಲಿ ಒಂದು ಕಡೆ ಬರೆದಿದ್ದೇನೆ. ದಾರಿಯಲ್ಲಿ ಏನಾದರೂ ಒಂದು ಕೆಟ್ಟೇ ಕೆಡುತ್ತದೆ. ಅದು ಸಣ್ಣದಾಗೇ ಉಳಿಯುವ ಹಾಗೆ ಮನೆಯಲ್ಲೇ ಸಿದ್ಧತೆ ಮಾಡಿಕೊಳ್ಳಬಹುದು. ಉಳಿದದ್ದಕ್ಕೆ ಪಕ್ಕದಲ್ಲಿ ನಿಂತವರೇ ದಿಕ್ಕು. ಅವರು ನೆರವಾಗಬೇಕಾದರೆ ನಾವು ಬಾಯಿ ಬಿಟ್ಟು ಕೇಳಬೇಕು, ತೋರಿಸಬೇಕಾದ ಕಾಗದ ನಮ್ಮ ಕೈಯಲ್ಲೇ ಇರಬೇಕು.

ಹೆಜ್ಜೆ 1: ಹೆಸರು ಒಂದೇ ಇದೆಯಾ ನೋಡಿ

ನಮ್ಮ ಭಾಗದವರಿಗೆ ಮೊದಲ ತೊಡಕು ಇಲ್ಲೇ. ಊರಿನ ಹೆಸರು 2014ರ ನವೆಂಬರ್ 1ರಂದು ಗುಲ್ಬರ್ಗದಿಂದ ಕಲಬುರಗಿ ಆಯಿತು. ಜನನ ಪ್ರಮಾಣಪತ್ರದಲ್ಲಿ ಗುಲ್ಬರ್ಗ, ಪಾಸ್‌ಪೋರ್ಟಿನಲ್ಲಿ ಕಲಬುರಗಿ, ಡಿಗ್ರಿ ಸರ್ಟಿಫಿಕೇಟಿನಲ್ಲಿ ಮತ್ತೆ ಗುಲ್ಬರ್ಗ. ಪರದೇಶದ ಕಚೇರಿಯವರಿಗೆ ಇವೆರಡೂ ಒಂದೇ ಊರು ಅಂತ ಹೇಗೆ ಗೊತ್ತಾಗಬೇಕು? ನನ್ನನ್ನು ಎರಡು ಕಡೆ ಕೇಳಿದ್ದಾರೆ. ಊರಿನ ಹೆಸರು ಬದಲಾದ ಸರ್ಕಾರಿ ಆದೇಶದ ಒಂದು ಪ್ರತಿಯನ್ನು ಇಂಗ್ಲಿಷಿನಲ್ಲಿ ಜೊತೆಗೆ ಇಟ್ಟುಕೊಳ್ಳಿ. ಯಾದಗಿರಿಯವರಿಗೂ ಇಂಥದ್ದೇ ತೊಡಕು. ಯಾದಗಿರಿ ಜಿಲ್ಲೆಯಾದದ್ದು 2009ರ ಡಿಸೆಂಬರ್ 30ಕ್ಕೆ. ಅದಕ್ಕೂ ಮೊದಲಿನ ಕಾಗದಗಳಲ್ಲಿ ಜಿಲ್ಲೆ ಗುಲ್ಬರ್ಗ ಅಂತಲೇ ಇರುತ್ತದೆ.

ಇನ್ನು ಅಡ್ಡಹೆಸರು, ಅಂದರೆ ಮನೆತನದ ಹೆಸರು. ಒಂದು ಕಡೆ ಬಿರಾದಾರ ಅಂತ ಇರುತ್ತದೆ, ಇನ್ನೊಂದು ಕಡೆ ಅಪ್ಪನ ಹೆಸರು, ಮತ್ತೊಂದು ಕಡೆ ಏನೂ ಇರುವುದಿಲ್ಲ. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇದ್ದರೆ ಈಗಲೇ ಸರಿ ಮಾಡಿಸಿ. ಒಂದೇ ಹೆಸರಿನ ಪಾಸ್‌ಪೋರ್ಟ್ ಇದ್ದವರನ್ನು ವಿಸಿಟ್ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಅಂತ ಯುಎಇ 2022ರ ನವೆಂಬರ್‌ನಲ್ಲಿ ನಿಯಮ ಮಾಡಿತು. ಕೌಂಟರಿಗೆ ಹೋದ ಮೇಲೆ ಇದು ಗೊತ್ತಾದರೆ ಯಾರೂ ಏನೂ ಮಾಡಲಾರರು. ಟಿಕೆಟಿನಲ್ಲಿ, ವೀಸಾದಲ್ಲಿ, ಪಾಸ್‌ಪೋರ್ಟಿನಲ್ಲಿ ಅಕ್ಷರ ಅಕ್ಷರ ಹೊಂದಬೇಕು. ಮೂರನ್ನೂ ಒಟ್ಟಿಗೆ ಹಾಸಿಗೆ ಮೇಲೆ ಇಟ್ಟು, ಮನೆಯ ಇನ್ನೊಬ್ಬರಿಂದ ಜೋರಾಗಿ ಓದಿಸಿ. ನಮ್ಮ ಹೆಸರಿನ ತಪ್ಪು ನಮ್ಮ ಕಣ್ಣಿಗೆ ಬೀಳುವುದೇ ಕಮ್ಮಿ.

ಹೆಜ್ಜೆ 2: ಏಜೆಂಟರ ಮೂಲಕ ಹೋಗುವವರಿಗೆ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ದಯವಿಟ್ಟು ಬಿಡದೆ ಓದಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗದ್ದು. ಅವರು ಸೌದಿ, ಯುಎಇ, ಕತಾರ್, ಕುವೈತ್, ಒಮಾನ್, ಬಹರೈನ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಸರ್ಕಾರದ ಅನುಮತಿ, ಅಂದರೆ ಎಮಿಗ್ರೇಷನ್ ಕ್ಲಿಯರೆನ್ಸ್, ಪಡೆಯಲೇಬೇಕು. ಏಜೆಂಟರು ನೋಂದಣಿ ಮಾಡಿಸಿದ್ದಾರಾ ಇಲ್ಲವಾ ಅಂತ ಸರ್ಕಾರದ ಇ-ಮೈಗ್ರೇಟ್ ತಾಣದಲ್ಲಿ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎದ್ದು ಬನ್ನಿ. "ಮೊದಲು ವಿಸಿಟ್ ವೀಸಾದ ಮ್ಯಾಲೆ ಹೋಗು, ಅಲ್ಲಿ ಹೋದಮ್ಯಾಲೆ ಕೆಲಸದ ವೀಸಾ ಮಾಡಿಸ್ತೀವಿ" ಅಂದವರನ್ನು ನಂಬಲೇಬೇಡಿ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಅಂತ ಒಂದು ವಿಮೆ ಇದೆ. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಅಥವಾ ಶಾಶ್ವತವಾಗಿ ಅಂಗವಿಕಲರಾದರೆ 10 ಲಕ್ಷದವರೆಗೆ ರಕ್ಷಣೆ. ಅದರ ಕಾಗದದ ಒಂದು ಪ್ರತಿ ಮನೆಯಲ್ಲೂ ಇರಲಿ.

ಹೆಜ್ಜೆ 3: ಟಿಕೆಟಿನ ತಾರೀಖನ್ನು ಎರಡು ಸಲ ಓದಿ

ಹೈದರಾಬಾದಿನಿಂದ ಗಲ್ಫ್ ಕಡೆಗೆ ಹೋಗುವ ಬಹಳಷ್ಟು ವಿಮಾನಗಳು ಮಧ್ಯರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಇಲ್ಲಿ ಒಂದು ಗುಂಡಿ ಇದೆ. ನಮ್ಮ ಪರಿಚಯದ ಹುಡುಗನೊಬ್ಬನ ಟಿಕೆಟಿನಲ್ಲಿ 14ನೇ ತಾರೀಖು, 00.40 ಅಂತ ಇತ್ತು. ಅವನು 14ರ ರಾತ್ರಿ ಒಂಬತ್ತಕ್ಕೆ ಶಂಷಾಬಾದ್ ಮುಟ್ಟಿದ. ವಿಮಾನ ಹೋಗಿ ಇಪ್ಪತ್ತು ಗಂಟೆ ಮೇಲಾಗಿತ್ತು. 00.40 ಅಂದರೆ 14ನೇ ತಾರೀಖು ಆಗಷ್ಟೇ ಶುರುವಾಗಿರುತ್ತದೆ. ಮನೆಯಿಂದ ಹೊರಡಬೇಕಾದದ್ದು 13ರ ಮಧ್ಯಾಹ್ನ. ನಮ್ಮ ಮಾತಿನಲ್ಲಿ ಬೆಳಗಾಗುವವರೆಗೂ ಹಿಂದಿನ ದಿನದ ರಾತ್ರಿಯೇ ಅಲ್ವಾ? ಅದಕ್ಕೇ ಈ ತಪ್ಪು ಆಗುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ ವಿಮಾನದ ತಾರೀಖಿಗೆ ಗುರುತು ಹಾಕಬೇಡಿ, ಮನೆ ಬಿಡುವ ತಾರೀಖಿಗೆ ಹಾಕಿ.

ಎರಡನೆಯದು, ಇಡೀ ದಾರಿ ಒಂದೇ ಬುಕಿಂಗ್ ನಂಬರಿನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿ ಇರಲಿ. ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ನಾಲ್ಕೈದು ಸಾವಿರ ಉಳಿಯಬಹುದು. ಆದರೆ ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಯಾರೂ ಹೊಣೆ ಹೊರುವುದಿಲ್ಲ. ಹೊಸ ಟಿಕೆಟ್ ನಿಮ್ಮ ಜೇಬಿನಿಂದಲೇ. ಒಂದೇ ಪಿಎನ್‌ಆರ್ ಇದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವುದು ಅವರ ಕೆಲಸ. ಬ್ಯಾಗೂ ಹಾಗೇ, ಬೇರೆ ಟಿಕೆಟ್ ಇದ್ದರೆ ನಡುವೆ ಬ್ಯಾಗ್ ತೆಗೆದುಕೊಂಡು ಮತ್ತೆ ಒಪ್ಪಿಸಬೇಕಾಗಬಹುದು. ಅದಕ್ಕೆ ಆ ದೇಶದ ಒಳಗೆ ಹೋಗಬೇಕು, ಹೋಗಲು ವೀಸಾ ಬೇಕು. ಅಮೆರಿಕಕ್ಕೆ ಹೋಗುವವರು ಒಂದೇ ಟಿಕೆಟ್ ಇದ್ದರೂ ಅಲ್ಲಿ ಇಳಿಯುವ ಮೊದಲ ಊರಿನಲ್ಲಿ ಬ್ಯಾಗ್ ತೆಗೆದುಕೊಂಡು, ಕಸ್ಟಮ್ಸ್ ದಾಟಿ, ಮತ್ತೆ ಒಪ್ಪಿಸಬೇಕು. ಅದಕ್ಕೆ ಒಂದೂವರೆ ಗಂಟೆಯ ಬಿಡುವು ಸಾಲದು. ಮೂರು ಗಂಟೆಯಾದರೂ ಇರಲಿ. ಲಂಡನ್ ಮೇಲೆ ಹೋಗುವುದಾದರೆ, ಬರೀ ವಿಮಾನ ಬದಲಿಸಲು ಕೂಡ ಭಾರತದ ಪಾಸ್‌ಪೋರ್ಟಿನವರಿಗೆ ಸಾಮಾನ್ಯವಾಗಿ ಟ್ರಾನ್ಸಿಟ್ ವೀಸಾ ಬೇಕು. ಕೆಲವರಿಗೆ ವಿನಾಯಿತಿ ಇದೆ. ಟಿಕೆಟ್ ತೆಗೆಯುವ ಮೊದಲು ನೋಡಿಕೊಳ್ಳಿ.

ಹೆಜ್ಜೆ 4: ಬುತ್ತಿ ಕಟ್ಟುವಾಗ

ಹೊರಡುವ ವಾರ ಮನೆಗೆ ಬಂದವರೆಲ್ಲ ಒಂದೊಂದು ಪೊಟ್ಟಣ ಕೊಡುತ್ತಾರೆ. ದೊಡ್ಡವ್ವ ಮಾದಲಿ ಮಾಡಿ ತರುತ್ತಾರೆ, ಪಕ್ಕದ ಮನೆಯವರು ಉಪ್ಪಿನಕಾಯಿ, ಇನ್ನೊಬ್ಬರು ಶೇಂಗಾ ಹಿಂಡಿ (ಚಟ್ನಿಪುಡಿ). ಬೇಡ ಅನ್ನಲು ಬಾಯಿ ಬರುವುದಿಲ್ಲ. ಆದರೆ ಕೆಲವನ್ನು ಬಿಟ್ಟೇ ಹೋಗಬೇಕು.

ಎಲ್ಲಕ್ಕಿಂತ ಮೊದಲು ಗಸಗಸೆ. ಯುಎಇ, ಸೌದಿಯಂಥ ಗಲ್ಫ್ ದೇಶಗಳಲ್ಲಿ ಅದನ್ನು ಮಾದಕ ವಸ್ತುಗಳ ಲೆಕ್ಕದಲ್ಲಿ ಹಿಡಿಯುತ್ತಾರೆ. ಒಂದು ಚಮಚ ಸಿಕ್ಕರೂ ಪೊಲೀಸರ ಮುಂದೆ ನಿಲ್ಲಬೇಕಾಗಬಹುದು. ನಮ್ಮ ಮಾದಲಿಗೆ ಗಸಗಸೆ ಹಾಕುತ್ತಾರೆ, ಕೆಲವು ಮಸಾಲೆ ಪುಡಿಗಳಲ್ಲೂ ಇರುತ್ತದೆ. ಗಲ್ಫಿಗೆ ಹೋಗುವವರು, ಗಲ್ಫಿನಲ್ಲಿ ವಿಮಾನ ಬದಲಿಸುವವರು ಇಬ್ಬರೂ ಇದನ್ನು ಮನೆಯವರಿಗೆ ಮೊದಲೇ ಹೇಳಿ. ಗಸಗಸೆ ಇಲ್ಲದೆ ಮಾದಲಿ ಮಾಡಿಕೊಡಿ ಅಂದರೆ ಮಾಡಿಕೊಡುತ್ತಾರೆ.

ಒಣ ಕೊಬ್ಬರಿ ಕೂಡ ಬೇಡ. ಅದರಲ್ಲಿ ಎಣ್ಣೆ ಜಾಸ್ತಿ, ಬೇಗ ಹೊತ್ತಿಕೊಳ್ಳುತ್ತದೆ, ಅದಕ್ಕೆ ವಿಮಾನದಲ್ಲಿ ಬಿಡುವುದಿಲ್ಲ. ಮುತ್ತೈದೆಯರು ಉಡಿ ತುಂಬಿದ ಕೊಬ್ಬರಿ ಬಟ್ಟಲನ್ನು ಬ್ಯಾಗಿನ ತಳದಲ್ಲಿ ಇಟ್ಟುಕೊಂಡು ಹೋಗಿ, ಕೌಂಟರಿನಲ್ಲಿ ಎಲ್ಲ ಬಿಚ್ಚಿ ತೆಗೆಯುವ ಹೆಣ್ಣುಮಕ್ಕಳನ್ನು ನಾನೇ ನೋಡಿದ್ದೇನೆ. ಅದನ್ನು ಅವ್ವನ ಕೈಯಲ್ಲಿ ಕೊಟ್ಟು ಬನ್ನಿ. ಯುರೋಪಿನ ಒಕ್ಕೂಟದ ದೇಶಗಳಿಗೆ ಹೋಗುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಪೇಡಾ, ತುಪ್ಪ ಎರಡೂ ಇದರಲ್ಲೇ ಬಂದವು. ಆಸ್ಟ್ರೇಲಿಯಾಕ್ಕೆ ಹೋಗುವವರು ತಿನ್ನುವ ವಸ್ತು ಏನೇ ಇದ್ದರೂ ಇಳಿಯುವಾಗ ಕಾರ್ಡಿನಲ್ಲಿ ಬರೆದು ಹೇಳಬೇಕು.

ಹಾಗಾದರೆ ಏನು ಒಯ್ಯಬೇಕು? ಖಡಕ್ ಜೋಳದ ರೊಟ್ಟಿ. ಒಣ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಭಾರವಿಲ್ಲ, ಯಾರೂ ತಡೆಯುವುದಿಲ್ಲ. ಹತ್ತು ರೊಟ್ಟಿಯನ್ನು ಕೈಚೀಲದಲ್ಲೇ ಇಡಿ. ಖಾರದ ಪುಡಿ, ಉಪ್ಪಿನಕಾಯಿ, ಹಿಂಡಿ ದೊಡ್ಡ ಬ್ಯಾಗಿಗೆ. ಪವರ್ ಬ್ಯಾಂಕ್ ಮಾತ್ರ ತಿರುಗಾಮುರುಗಾ. ಅದು ದೊಡ್ಡ ಬ್ಯಾಗಿನಲ್ಲಿ ಇರಲೇಬಾರದು, ಕೈಚೀಲದಲ್ಲೇ ಇರಬೇಕು.

ಕೈಚೀಲದಲ್ಲಿ ಇನ್ನೂ ಏನಿರಬೇಕು ಅಂದರೆ: ಮೂಲ ಸರ್ಟಿಫಿಕೇಟ್‌ಗಳು, ನೇಮಕಾತಿ ಪತ್ರ, ಎರಡು ದಿನದ ಬಟ್ಟೆ, ಒಂದು ಸ್ವೆಟರ್, ಔಷಧಿ. ಔಷಧಿಯ ಬಗ್ಗೆ ನರ್ಸ್ ಆಗಿ ಒಂದು ಮಾತು. ಮಾತ್ರೆಯನ್ನು ಅದರ ಪಟ್ಟಿಯಿಂದ ಬಿಡಿಸಿ ಡಬ್ಬಿಗೆ ತುಂಬಬೇಡಿ. ವೈದ್ಯರ ಚೀಟಿ ಇಂಗ್ಲಿಷಿನಲ್ಲಿ, ಔಷಧಿಯ ಮೂಲ ಹೆಸರಿನ ಜೊತೆ ಇರಲಿ. ಟ್ರಮಡಾಲ್, ಕೊಡೈನ್ ಇರುವ ನೋವಿನ ಮತ್ತು ಕೆಮ್ಮಿನ ಔಷಧಿಗಳಿಗೆ ಯುಎಇಯಲ್ಲಿ ಕಟ್ಟುನಿಟ್ಟಿನ ನಿರ್ಬಂಧ ಇದೆ. ಇಲ್ಲಿ ಸುಲಭವಾಗಿ ಸಿಕ್ಕಿತು ಅಂತ ಅಲ್ಲಿಗೆ ಒಯ್ಯುವಂತಿಲ್ಲ.

ಹೆಜ್ಜೆ 5: ಸಿಮ್ ಮತ್ತು ಕಾರ್ಡ್

ಬ್ಯಾಂಕಿನ ಓಟಿಪಿ ಬರುವುದು ನಮ್ಮ ಸಿಮ್ಮಿಗೆ. ಅಲ್ಲಿ ಹೋದ ಮೇಲೆ ಆ ಸಿಮ್ ಸತ್ತಂತೆ ಕೂತರೆ ಖಾತೆಯಲ್ಲಿ ದುಡ್ಡಿದ್ದೂ ಇಲ್ಲದಂತೆ. ಹೊರಡುವ ವಾರಕ್ಕೂ ಮೊದಲು ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ. ಡೆಬಿಟ್ ಕಾರ್ಡ್ ಹೊರದೇಶದಲ್ಲಿ ನಡೆಯುವಂತೆ ಬ್ಯಾಂಕಿನ ಆ್ಯಪಿನಲ್ಲಿ ನೀವೇ ಚಾಲೂ ಮಾಡಬೇಕು. 2020ರಿಂದ ಹೊಸ ಕಾರ್ಡುಗಳು ಬರುವಾಗ ಆ ಸೌಲಭ್ಯ ಬಂದ್ ಆಗಿಯೇ ಇರುತ್ತದೆ. ನೋಟಿನಲ್ಲಿ 200–300 ಯುರೋ ಅಥವಾ ಹೋಗುವ ದೇಶದ ಅಷ್ಟೇ ಬೆಲೆಯ ದುಡ್ಡು ಇರಲಿ, ಅದೂ ಎರಡು ಕಡೆ ಹಂಚಿ.

ಹೆಜ್ಜೆ 6: ಶಂಷಾಬಾದಿನ ದಾರಿ

ಕಲಬುರಗಿಯಲ್ಲಿ 2019ರಲ್ಲಿ ವಿಮಾನ ನಿಲ್ದಾಣ ಬಂತು, ಬೀದರ್‌ನಿಂದ 2020ರಲ್ಲಿ ವಿಮಾನ ಶುರುವಾಯಿತು. ಆದರೆ ಇಲ್ಲಿಂದ ಹಾರುವ ವಿಮಾನಗಳ ವೇಳಾಪಟ್ಟಿ ಬದಲಾಗುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಕಡೆಯವರ ಹೆಬ್ಬಾಗಿಲು ಹೈದರಾಬಾದೇ. ಬೀದರ್‌ನಿಂದ ಸುಮಾರು 145 ಕಿಲೋಮೀಟರ್, ಕಲಬುರಗಿಯಿಂದ ಸುಮಾರು 220.

ಕಾರಿನಲ್ಲಿ ಹೋಗುವುದಾದರೆ ಕಲಬುರಗಿಯಿಂದ ಎರಡು ದಾರಿ ನೆನಪಿರಲಿ. ಒಂದು ಮಳಖೇಡ, ಸೇಡಂ ಕಡೆಯದು. ಇನ್ನೊಂದು ಹುಮನಾಬಾದ್, ಜಹೀರಾಬಾದ್, ಸಂಗಾರೆಡ್ಡಿ ಮೇಲಿನದು. ಮಳೆಗಾಲದಲ್ಲಿ ಎರಡನೆಯದೇ ವಾಸಿ. ಕಾಗಿಣಾ ಉಕ್ಕಿದರೆ ಸೇಡಂ ರಸ್ತೆ ಗಂಟೆಗಟ್ಟಲೆ ಮುಚ್ಚುತ್ತದೆ. ಹುಮನಾಬಾದ್ ಮೇಲೆ ಹೋದರೆ ಪಟಾನ್‌ಚೆರು ಹತ್ತಿರ ಹೊರವರ್ತುಲ ರಸ್ತೆ ಹಿಡಿಯಬಹುದು, ಊರೊಳಗಿನ ಟ್ರಾಫಿಕ್ ತಪ್ಪುತ್ತದೆ. ರೈಲಾದರೆ ವಾಡಿ, ತಾಂಡೂರು, ವಿಕಾರಾಬಾದ್ ದಾಟಿ ಹೋಗುತ್ತದೆ. ಆದರೆ ವಿಮಾನದ ದಿನ ಬೆಳಿಗ್ಗೆಯ ರೈಲು ಹಿಡಿಯಿರಿ, ಸಂಜೆಯದನ್ನು ನಂಬಬೇಡಿ. ಬಸ್ಸಿನಲ್ಲಿ ಹೋಗುವವರು ಹೈದರಾಬಾದಿನ ದೊಡ್ಡ ಬಸ್ ನಿಲ್ದಾಣ ಎಂಜಿಬಿಎಸ್‌ನಲ್ಲಿ ಇಳಿಯುತ್ತಾರೆ, ಅಲ್ಲಿಂದ ಶಂಷಾಬಾದಿಗೆ ಮತ್ತೆ ಒಂದು ಗಂಟೆ ಇಟ್ಟುಕೊಳ್ಳಿ. ಊರಿನ ಬೇರೆ ಬೇರೆ ಕಡೆಯಿಂದ ವಿಮಾನ ನಿಲ್ದಾಣಕ್ಕೆ ಪುಷ್ಪಕ್ ಬಸ್ಸುಗಳಿವೆ.

ಲೆಕ್ಕ ಹೀಗೆ ಹಾಕಿ. ಹೊರದೇಶದ ವಿಮಾನಗಳ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲು ಮುಚ್ಚುತ್ತದೆ. ಮೂರು ಗಂಟೆ ಮೊದಲು ಅಲ್ಲಿರಬೇಕು. ಅದಕ್ಕೆ ದಾರಿಯ ಐದು ಗಂಟೆ ಸೇರಿಸಿ. ಆಮೇಲೆ ಇನ್ನೂ ಎರಡು ಗಂಟೆ ಸುಮ್ನೆ ಸೇರಿಸಿ. ಆ ಎರಡು ಗಂಟೆಯೇ ನನ್ನನ್ನು ಉಳಿಸಿದ್ದು. ಅಪ್ಪ ಹಠ ಹಿಡಿಯದಿದ್ದರೆ ನಾವು ಇನ್ನೂ ತಡವಾಗಿ ಹೊರಡುತ್ತಿದ್ದೆವು.

ಕೌಂಟರಿನಲ್ಲಿ ಬ್ಯಾಗಿಗೆ ಪಟ್ಟಿ ಅಂಟಿಸುತ್ತಾರಲ್ಲ, ಅದರ ಮೇಲಿನ ಮೂರಕ್ಷರ ಓದಿ. ಅದು ನೀವು ಕೊನೆಗೆ ಇಳಿಯುವ ಊರಿನ ಸಂಕೇತ ಆಗಿರಬೇಕು. ನಡುವಿನ ಊರಿನದ್ದಾಗಿದ್ದರೆ ಅಲ್ಲೇ ಕೇಳಿ. ನಿಮ್ಮ ಕೈಗೆ ಕೊಡುವ ಚೀಟಿಯನ್ನು ಪಾಸ್‌ಪೋರ್ಟಿನ ಹಿಂದೆ ಅಂಟಿಸಿಕೊಳ್ಳಿ, ಬ್ಯಾಗಿನ ಫೋಟೊ ತೆಗೆದುಕೊಳ್ಳಿ. ಈ ಎರಡು ಕೆಲಸಕ್ಕೆ ಒಂದು ನಿಮಿಷ ಸಾಕು.

ಹೆಜ್ಜೆ 7: ದಾರಿಯ ಜನ

ವಿಮಾನ ನಿಲ್ದಾಣದ ಬಾಗಿಲಲ್ಲಿ ಮನೆಯವರು ನಿಂತುಬಿಡುತ್ತಾರೆ. ಅಲ್ಲಿಂದ ಮುಂದೆ ನಾವು ಒಬ್ಬರೇ. ನಮ್ಮ ಕಡೆಯ ಎಷ್ಟೋ ಮಕ್ಕಳು, ಅದರಲ್ಲೂ ಹಳ್ಳಿಯಿಂದ ಬಂದವರು, ಇಂಗ್ಲಿಷ್ ಸರಿಯಾಗಿ ಬರುವುದಿಲ್ಲ ಅಂತ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಗೇಟ್ ಬದಲಾದದ್ದು ಗೊತ್ತಾಗುವುದಿಲ್ಲ, ಕೇಳುವುದೂ ಇಲ್ಲ. ಅವರಿಗೆ ನಾನು ಹೇಳುವುದು ಇಷ್ಟೇ, ಸಾಲಿನಲ್ಲಿ ನಿಂತಾಗಲೇ ಪಕ್ಕದವರನ್ನು ಮಾತಾಡಿಸಿ. ತೊಂದರೆ ಆದ ಮೇಲಲ್ಲ, ಆಗುವ ಮೊದಲೇ. "ನೀವೂ ಇದೇ ವಿಮಾನಕ್ಕಾ?" ಅಂತ ಒಂದು ಮಾತು ಕೇಳಿದರೆ ಸಾಕು. ಕಲಬುರಗಿ, ಬೀದರ್ ಕಡೆಯವರಿಗೆ ಒಂದು ಅನುಕೂಲ ಇದೆ. ಕನ್ನಡದ ಜೊತೆ ದಖ್ಖನಿ ಉರ್ದು ಕಿವಿಯ ಮೇಲೆ ಬಿದ್ದೇ ಬೆಳೆದಿರುತ್ತೇವೆ. ಗಲ್ಫಿನ ವಿಮಾನ ನಿಲ್ದಾಣಗಳಲ್ಲಿ ಭಾರತ, ಪಾಕಿಸ್ತಾನ, ನೇಪಾಳ, ಬಾಂಗ್ಲಾದೇಶದ ಜನ ಕೆಲಸ ಮಾಡುತ್ತಾರೆ. ಇಂಗ್ಲಿಷಿಗಿಂತ ನಮ್ಮ ಹಿಂದಿ, ಉರ್ದು ಅಲ್ಲಿ ಬೇಗ ಕೆಲಸ ಮಾಡುತ್ತದೆ.

ದೋಹಾದಲ್ಲಿ ನನಗೆ ಹಾಗೇ ಆಯಿತು. ಮುಂದಿನ ವಿಮಾನ ಐದು ಗಂಟೆ ತಡ ಅಂತ ಫಲಕದಲ್ಲಿ ಬಂತು. ಅಲ್ಲಿನ ನಿಲ್ದಾಣದ ನಡುವೆ ಹಳದಿ ಬಣ್ಣದ ದೊಡ್ಡ ಕರಡಿ ಗೊಂಬೆ ಇದೆ, ಎಲ್ಲರೂ ಭೇಟಿಗೆ ಅದನ್ನೇ ಗುರುತು ಹೇಳುತ್ತಾರೆ. ಅದರ ಹತ್ತಿರ ಕೂತು ಅವ್ವನಿಗೆ ಫೋನ್ ಮಾಡಿ ಅಳುತ್ತಿದ್ದೆ. ಫೋನ್ ಇಟ್ಟ ಮೇಲೆ ಹಿಂದಿನ ಕುರ್ಚಿಯಿಂದ ಒಂದು ದನಿ ಬಂತು. "ಯಾವೂರವ್ವ ತಂಗಿ ನಿಂದು?" ತಿರುಗಿ ನೋಡಿದರೆ ನಲವತ್ತು ದಾಟಿದ ಒಬ್ಬರು. ಅಫಜಲಪುರ ಕಡೆಯವರು, ಹದಿನೈದು ವರ್ಷದಿಂದ ಕುವೈತಿನಲ್ಲಿ ಕ್ರೇನ್ ನಡೆಸುತ್ತಿದ್ದರಂತೆ. ರಜೆ ಮುಗಿಸಿ ಹೊರಟಿದ್ದರು. "ಅಳಬ್ಯಾಡ. ತಡ ಆದ್ರ ಊಟ ಕೊಡ್ತಾರ, ಕೇಳಬೇಕಷ್ಟ. ನಡಿ, ಟ್ರಾನ್ಸ್‌ಫರ್ ಡೆಸ್ಕಿಗೆ ಹೋಗಮು" ಅಂದರು. ಅಲ್ಲಿ ಕೇಳಿದೆ. ಊಟದ ಕೂಪನ್ ಕೊಟ್ಟರು, ಹೊಸ ಸಮಯವನ್ನು ಬರೆದೂ ಕೊಟ್ಟರು. ಕೇಳದವರಿಗೆ ಯಾರೂ ಕರೆದು ಕೊಡಲಿಲ್ಲ. ನನ್ನ ಕೈಚೀಲದ ರೊಟ್ಟಿಯಲ್ಲಿ ಎರಡು ಅವರಿಗೆ ಕೊಟ್ಟೆ. ಅವರು ಒಂದು ತಿಂದು, ಇನ್ನೊಂದನ್ನು ಕಾಗದದಲ್ಲಿ ಸುತ್ತಿ ಇಟ್ಟುಕೊಂಡರು.

ಅವರೇ ಇನ್ನೊಂದು ಮಾತು ಕಲಿಸಿದರು. "ಮಾತಾಡು, ಊಟ ಮಾಡು, ದಾರಿ ಕೇಳು. ಆದ್ರ ಯಾರ ಗಂಟೂ ಹಿಡೀಬ್ಯಾಡ." ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ನನ್ನ ತೂಕ ಜಾಸ್ತಿಯಾಗಿದೆ, ಈ ಒಂದು ಚೀಲ ನಿಮ್ಮ ಹೆಸರಿಗೆ ಹಾಕಿಸಿ ಅಂತ ಕೇಳುವವರು ಸಿಗುತ್ತಾರೆ. ಹೈದರಾಬಾದಿನ ಸಾಲಿನಲ್ಲೇ ನನ್ನನ್ನು ಒಬ್ಬರು ಕೇಳಿದ್ದರು, ವಯಸ್ಸಾದವರು, ನೋಡಿದರೆ ಪಾಪ ಅನ್ನಿಸುವಂಥವರು. ನಿಮ್ಮ ಹೆಸರಿನ ಪಟ್ಟಿ ಅಂಟಿದ ಮೇಲೆ ಅದರೊಳಗೆ ಏನಿದ್ದರೂ ಅದು ನಿಮ್ಮದೇ. ಮಾದಕ ವಸ್ತು ಸಿಕ್ಕರೆ ಕೆಲವು ದೇಶಗಳಲ್ಲಿ ಮರಣದಂಡನೆಯವರೆಗೂ ಹೋಗುತ್ತದೆ. ಓಣಿಯವರ ವಿಷಯದಲ್ಲೂ ಇದೇ ನಿಯಮ. "ಅಲ್ಲಿ ನಮ್ಮ ಹುಡುಗ ಅದಾನ, ಇಷ್ಟು ಔಷಧಿ ಮುಟ್ಟಿಸವ್ವ" ಅಂದರೆ ಕೈ ಮುಗಿದು ಆಗುವುದಿಲ್ಲ ಅನ್ನಿ. ತೀರಾ ಹತ್ತಿರದವರಾದರೆ ನಿಮ್ಮ ಕಣ್ಣೆದುರೇ ಬಿಚ್ಚಿ, ನೋಡಿ, ನೀವೇ ಕಟ್ಟಿಕೊಳ್ಳಿ.

ಇನ್ನೂ ಮೂರು ವಸ್ತುಗಳನ್ನು ಯಾರ ಕೈಗೂ ಕೊಡಬೇಡಿ. ಪಾಸ್‌ಪೋರ್ಟ್, ಲಾಕ್ ತೆಗೆದ ಫೋನ್, ಬ್ಯಾಂಕ್ ಕಾರ್ಡ್. ಫಾರ್ಮ್ ತುಂಬಿಕೊಡುತ್ತೇನೆ ಅಂದರೆ ಪಾಸ್‌ಪೋರ್ಟ್ ನಿಮ್ಮ ಕೈಯಲ್ಲೇ ಇಟ್ಟು ಓದಿ ಹೇಳಿ. ಒಬ್ಬಂಟಿ ಹೆಣ್ಣುಮಕ್ಕಳಿಗೆ ಮತ್ತೊಂದು ಮಾತು. ಇಳಿದ ಮೇಲೆ ಕಾರಿನಲ್ಲಿ ಬಿಡುತ್ತೇನೆ ಅಂತ ದಾರಿಯಲ್ಲಿ ಪರಿಚಯವಾದವರು ಹೇಳಿದರೆ, ಎಷ್ಟೇ ಒಳ್ಳೆಯವರಾಗಿ ಕಂಡರೂ ಬೇಡ ಅನ್ನಿ. ನಿಜವಾಗಿ ಒಳ್ಳೆಯವರಾದರೆ ಬೇಸರ ಮಾಡಿಕೊಳ್ಳುವುದಿಲ್ಲ.

ಹೆಜ್ಜೆ 8: ಬ್ಯಾಗ್ ಬರದಿದ್ದರೆ

ಫ್ರಾಂಕ್‌ಫರ್ಟಿನಲ್ಲಿ ಬೆಲ್ಟು ತಿರುಗಿ ತಿರುಗಿ ನಿಂತಿತು. ನನ್ನ ಬ್ಯಾಗ್ ಇರಲಿಲ್ಲ. ಆಗ ಮಾಡಬಾರದ ಕೆಲಸ ಒಂದೇ, ಹೊರಗೆ ಹೋಗಿಬಿಡುವುದು. ಬೆಲ್ಟಿನ ಹತ್ತಿರವೇ ಬ್ಯಾಗೇಜ್ ಕೌಂಟರ್ ಇರುತ್ತದೆ. ಅಲ್ಲಿ ಪಿಐಆರ್ ಅನ್ನುವ ದೂರು ಬರೆಸಿ. ನಿಮಗೊಂದು ನಂಬರು ಕೊಡುತ್ತಾರೆ. ಅದಿಲ್ಲದೆ ಮುಂದೆ ಏನೂ ನಡೆಯುವುದಿಲ್ಲ. ಪಾಸ್‌ಪೋರ್ಟಿಗೆ ಅಂಟಿಸಿದ ಚೀಟಿ, ಬ್ಯಾಗಿನ ಫೋಟೊ ಇಲ್ಲಿ ಕೆಲಸಕ್ಕೆ ಬಂದವು. ಕರಿ ಬಣ್ಣದ ಬ್ಯಾಗ್ ಅಂದರೆ ಅಲ್ಲಿ ಸಾವಿರ ಇರುತ್ತವೆ. ನನ್ನ ಬ್ಯಾಗಿನ ಹಿಡಿಕೆಗೆ ಅವ್ವ ಇಳಕಲ್ ಸೀರೆಯ ಕೆಂಪು ಅಂಚು ಕಟ್ಟಿದ್ದರು. ಫೋಟೊದಲ್ಲಿ ಅದು ಎದ್ದು ಕಾಣುತ್ತಿತ್ತು.

ನಿಯಮಗಳನ್ನೂ ತಿಳಿದುಕೊಳ್ಳಿ. ವಿಮಾನ ಕಂಪನಿಗಳ ಹೊಣೆ ಎಷ್ಟು ಅಂತ ಹೇಳುವ ಮಾಂಟ್ರಿಯಲ್ ಒಪ್ಪಂದ ಅಂತ 1999ರದ್ದು ಒಂದಿದೆ, ಭಾರತ 2009ರಲ್ಲಿ ಅದಕ್ಕೆ ಸೇರಿತು. ಬ್ಯಾಗ್ ಒಡೆದು ಬಂದರೆ 7 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ತಡವಾಗಿ ಬಂದರೆ ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ. 21 ದಿನ ಕಳೆದರೂ ಬರದಿದ್ದರೆ ಕಳೆದುಹೋಯಿತು ಅಂತಲೇ ಲೆಕ್ಕ. ಪರಿಹಾರದ ಮೇಲ್ಮಿತಿ 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್, ಅದು ಅಂತರರಾಷ್ಟ್ರೀಯ ಲೆಕ್ಕದ ಒಂದು ಹಣ, ನಮ್ಮ ದುಡ್ಡಿನಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ. ಅಷ್ಟೂ ತಾನಾಗಿ ಸಿಗುವುದಿಲ್ಲ. ಬ್ಯಾಗ್ ಬರುವ ತನಕ ಕೊಂಡ ಬಟ್ಟೆ, ಬ್ರಶ್, ಸೋಪು, ಎಲ್ಲದರ ರಸೀದಿ ಇಟ್ಟುಕೊಳ್ಳಿ. ನಾನು 74 ಯುರೋದ ರಸೀದಿ ಕಳಿಸಿದ್ದೆ. ಒಂದೂವರೆ ತಿಂಗಳಿಗೆ ಅಷ್ಟೂ ಬಂತು.

ವಿಳಾಸ ಕೇಳುತ್ತಾರೆ. ಉಳಿಯುವ ಮನೆಯ ವಿಳಾಸ, ಅಲ್ಲಿ ನಡೆಯುವ ಫೋನ್ ನಂಬರು ಕಾಗದದಲ್ಲಿ ಬರೆದಿಟ್ಟುಕೊಂಡಿರಿ. ಫೋನಿನ ಚಾರ್ಜ್ ಮುಗಿದರೂ ಕಾಗದ ಮುಗಿಯುವುದಿಲ್ಲ.

ಹೆಜ್ಜೆ 9: ಮೊದಲ ರಾತ್ರಿ, ಮೊದಲ ಭಾನುವಾರ

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣಕ್ಕೆ ಎರಡು ರೈಲು ನಿಲ್ದಾಣಗಳಿವೆ. ಹತ್ತಿರದ ಊರುಗಳಿಗೆ ಒಂದು, ದೂರದ ರೈಲುಗಳಿಗೆ ಇನ್ನೊಂದು. ನಾನು ಹತ್ತಿರದ್ದಕ್ಕೆ ಇಳಿದು ಇಪ್ಪತ್ತು ನಿಮಿಷ ಕಾದೆ. ಕೊನೆಗೆ ಬೆಂಚಿನ ಮೇಲಿದ್ದ ಒಬ್ಬ ಅಜ್ಜಿಗೆ ಟಿಕೆಟ್ ತೋರಿಸಿದೆ. ನನ್ನ ಜರ್ಮನ್ ತೊದಲುತ್ತಿತ್ತು. ಅವರು ಕೈ ಹಿಡಿದು ಎಸ್ಕಲೇಟರ್ ಹತ್ತಿಸಿ, ಸರಿಯಾದ ಪ್ಲಾಟ್‌ಫಾರ್ಮಿನ ತನಕ ಬಂದರು. ಪರೀಕ್ಷೆಗೆ ಎರಡು ವರ್ಷ ಓದಿದ ಭಾಷೆ ಅವತ್ತು ಮೊದಲ ಸಲ ಒಬ್ಬ ಮನುಷ್ಯರ ಜೊತೆ ಕೆಲಸ ಮಾಡಿತು.

ನಾನು ಮುಟ್ಟಿದ್ದು ಶನಿವಾರ ರಾತ್ರಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಕಿರಾಣಿಯೂ ಇಲ್ಲ, ಬಟ್ಟೆಯೂ ಇಲ್ಲ. ದೊಡ್ಡ ರೈಲು ನಿಲ್ದಾಣ, ವಿಮಾನ ನಿಲ್ದಾಣದೊಳಗಿನ ಅಂಗಡಿಗಳು ತೆರೆದಿರುತ್ತವೆ ಅಂತ ನನಗೆ ಆಮೇಲೆ ಗೊತ್ತಾಯಿತು. ಬ್ಯಾಗಿಲ್ಲ, ಅಂಗಡಿಯಿಲ್ಲ. ಇಡೀ ಭಾನುವಾರ ಎಂಟು ರೊಟ್ಟಿ, ನಲ್ಲಿ ನೀರು, ಅಜ್ಜಿ ಕೊಟ್ಟ ಎರಡು ಸೇಬು. ಸಾಧ್ಯವಾದರೆ ಮಂಗಳವಾರ, ಬುಧವಾರ ಇಳಿಯುವ ಟಿಕೆಟ್ ತೆಗೆಯಿರಿ. ಕಚೇರಿ, ಬ್ಯಾಂಕು, ಅಂಗಡಿ ಎಲ್ಲ ತೆರೆದಿರುತ್ತವೆ. ಮನೆಗೆ ಸೇರಿದ ಎರಡು ವಾರದೊಳಗೆ ಊರಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಮನೆ ಕೊಟ್ಟವರ ಸಹಿಯಿರುವ ಒಂದು ಕಾಗದ ಬೇಕು. ಬೀಗದ ಕೈ ಇಸಿದುಕೊಳ್ಳುವಾಗಲೇ ಅದನ್ನೂ ಕೇಳಿ. ಏನೇ ಅನಾಹುತವಾದರೂ ಯುರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲಿ 112ಕ್ಕೆ ಫೋನ್ ಮಾಡಬಹುದು.

ಹೆಜ್ಜೆ 10: ಪಾಸ್‌ಪೋರ್ಟ್ ಕಳೆದರೆ, ಅಥವಾ ಯಾರಾದರೂ ಇಟ್ಟುಕೊಂಡರೆ

ಮೊದಲು ಪೊಲೀಸ್ ದೂರು, ಆಮೇಲೆ ಭಾರತದ ರಾಯಭಾರ ಕಚೇರಿ. ಜರ್ಮನಿಯಲ್ಲಿ ಬರ್ಲಿನ್‌ನಲ್ಲಿ ರಾಯಭಾರ ಕಚೇರಿ ಇದೆ. ಫ್ರಾಂಕ್‌ಫರ್ಟ್, ಮ್ಯೂನಿಕ್, ಹ್ಯಾಂಬರ್ಗ್‌ನಲ್ಲಿ ಕಾನ್ಸುಲೇಟ್‌ಗಳಿವೆ. ಸೌದಿಯಲ್ಲಿ ರಿಯಾದ್ ಮತ್ತು ಜಿದ್ದಾ, ಯುಎಇಯಲ್ಲಿ ಅಬುಧಾಬಿ ಮತ್ತು ದುಬೈ. ತುರ್ತಾಗಿ ಊರಿಗೆ ಬರಬೇಕಾದರೆ ಒಂದೇ ಸಲ ಭಾರತಕ್ಕೆ ಮರಳಲು ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟದ ಫೋಟೊ ನಿಮ್ಮ ಇಮೇಲ್‌ನಲ್ಲೂ ಇರಲಿ, ಮನೆಯ ಒಬ್ಬರ ಫೋನಿನಲ್ಲೂ ಇರಲಿ.

ಕೆಲಸಕ್ಕೆ ಇಟ್ಟುಕೊಂಡವರು ಪಾಸ್‌ಪೋರ್ಟ್ ಕೇಳಿ ಇಟ್ಟುಕೊಂಡರೆ ಸುಮ್ಮನಿರಬೇಡಿ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಭಾರತ ಸರ್ಕಾರದ ಆಸ್ತಿ. ಸಂಬಳ ಕೊಡದಿದ್ದರೆ, ತೊಂದರೆ ಕೊಟ್ಟರೆ ಮದದ್ ಅನ್ನುವ ಸರ್ಕಾರಿ ತಾಣದಲ್ಲಿ ದೂರು ಹಾಕಬಹುದು. 2015ರಿಂದ ಅದು ನಡೆಯುತ್ತಿದೆ. ಊರಿನಲ್ಲಿರುವ ಅಪ್ಪ, ಅಣ್ಣ ಕೂಡ ನಿಮ್ಮ ಪರವಾಗಿ ಹಾಕಬಹುದು. ಅದಕ್ಕೇ ಮನೆಯವರ ಹತ್ತಿರ ನಿಮ್ಮ ಕೆಲಸದ ಒಪ್ಪಂದದ ಪ್ರತಿ ಇರಬೇಕು.

ಹೆಜ್ಜೆ 11: ಮುಟ್ಟಿದ ಮೇಲೆ ಹೇಳಿ

ಮನೆಗೆ ಹೇಳುವುದು ಎಲ್ಲರಿಗೂ ನೆನಪಿರುತ್ತದೆ. ದಾರಿಯಲ್ಲಿ ನೆರವಾದವರಿಗೂ ಹೇಳಿ. ದೋಹಾದಲ್ಲಿ ಬೀಳ್ಕೊಡುವಾಗ ಅಫಜಲಪುರದ ಅಣ್ಣ ತಮ್ಮ ನಂಬರನ್ನು ನನ್ನ ಬೋರ್ಡಿಂಗ್ ಪಾಸಿನ ಹಿಂದೆ ಬರೆದುಕೊಟ್ಟಿದ್ದರು. ನನ್ನ ನಂಬರು ಅವರು ಕೇಳಲಿಲ್ಲ. ಭಾನುವಾರ ಸಂಜೆ, "ಮುಟ್ಟೀನಿ ಅಣ್ಣಾ, ಆದ್ರ ಬ್ಯಾಗ್ ಬಂದಿಲ್ಲ" ಅಂತ ಮೆಸೇಜ್ ಹಾಕಿದೆ. "ಬರ್ತದ ತಂಗಿ. ನಂದು ಒಮ್ಮೆ ಎಂಟು ದಿನಕ್ಕ ಬಂದಿತ್ತು" ಅಂತ ಉತ್ತರ ಬಂತು. ಬ್ಯಾಗ್ ನಾಲ್ಕನೇ ದಿನ ಬಾಗಿಲಿಗೇ ಬಂತು. ಹಿಡಿಕೆಯಲ್ಲಿ ಇಳಕಲ್ ಅಂಚು ಹಾಗೇ ಇತ್ತು, ಹಿಂಡಿಯ ಡಬ್ಬಿ ಒಡೆದಿರಲಿಲ್ಲ. ಅದರ ಫೋಟೊ ತೆಗೆದು ಮೊದಲು ಅವ್ವನಿಗೆ ಕಳಿಸಿದೆ, ಆಮೇಲೆ ಕುವೈತಿಗೆ.